ಸರಾಸರಿಗಳ ಜಗಳ: ವಿಭಾಗಗಳ ನಡುವಿನ ಅಂತರ ನಿಜವೋ, ಕಾಕತಾಳೀಯವೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲಾವಾರು ಪಟ್ಟಿ ವಾಟ್ಸಾಪ್‌ ತುಂಬಾ ಹರಿದಾಡುತ್ತೆ. ಯಾವ ವಿಭಾಗ ಮುಂದೆ, ಯಾವುದು ಹಿಂದೆ ಅಂತ ವಾದ ಶುರು. ವಾದಿಸುವವರ ಕೈಯಲ್ಲಿರೋದು ಸರಾಸರಿ ಮಾತ್ರ. ಬರೀ ಸರಾಸರಿ ಹಿಡಿದು ವಿಭಾಗಗಳ ನಡುವೆ ಅಂತರ ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಮೂರು ವಿಭಾಗ; ಪ್ರತಿಯೊಂದರಿಂದ ಚೀಟಿ ಎತ್ತಿ ಆರಿಸಿದ ಮೂರು ತಾಲ್ಲೂಕು. ಪಾಸಾದವರ ಶೇಕಡಾವಾರು: ಮೊದಲನೆಯದರಲ್ಲಿ 58, 60, 62; ಎರಡನೆಯದರಲ್ಲಿ 64, 66, 68; ಮೂರನೆಯದರಲ್ಲಿ 70, 72, 74. ಸರಾಸರಿ 60, 66, 72. ಈಗ ಅಂಕಿಗಳು ಹೀಗಿವೆ ಅಂದುಕೊಳ್ಳಿ: 45, 60, 75, 51, 66, 81, 57, 72, 87. ಸರಾಸರಿಗಳು ಬದಲಾಗಲೇ ಇಲ್ಲ. ಆದರೆ ‘ಹಿಂದುಳಿದ’ ವಿಭಾಗದ ಒಂದು ತಾಲ್ಲೂಕು ‘ಮುಂದುವರಿದ’ ವಿಭಾಗದ ಸರಾಸರಿಯನ್ನೇ ದಾಟಿಬಿಟ್ಟಿದೆ.

ಈ ವ್ಯತ್ಯಾಸ ಹಿಡಿಯೋದೇ ಅನೋವಾ. ಗುಂಪುಗಳ ನಡುವಿನ ಏರುಪೇರನ್ನು ಗುಂಪಿನ ಒಳಗಿನ ಏರುಪೇರಿನಿಂದ ಭಾಗಿಸಬೇಕು, ಅಷ್ಟೆ. ನಡುವಿನದು: ಒಟ್ಟು ಸರಾಸರಿ 66ರಿಂದ ಪ್ರತಿ ವಿಭಾಗ ಎಷ್ಟು ದೂರ ಇದೆಯೋ ಅದರ ವರ್ಗಗಳ ಮೊತ್ತ 72, ಮೂರು ತಾಲ್ಲೂಕಿಗೆ ಗುಣಿಸಿದರೆ 216, ವಿಭಾಗಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 2ರಿಂದ ಭಾಗಿಸಿದರೆ 108. ಒಳಗಿನದನ್ನೂ ಹೀಗೇ ಲೆಕ್ಕ ಹಾಕಿದರೆ ಮೊದಲ ಸಲ 4, ಎರಡನೇ ಸಲ 225. ಈ ಅನುಪಾತಕ್ಕೆ ‘ಎಫ್’ ಅಂತ ಹೆಸರು: ಮೊದಲನೆಯದು 27, ಎರಡನೆಯದು 0.48. ನಿಜವಾದ ಅಂತರ ಇಲ್ಲದಿದ್ದರೆ ಎಫ್ ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿರುತ್ತೆ. ಇಷ್ಟು ಅಂಕಿಗಳಿದ್ದಾಗ ಅದು 5.14 ದಾಟೋದು ನೂರರಲ್ಲಿ ಐದು ಸಲ ಮಾತ್ರ.

ಎರಡೆರಡೇ ವಿಭಾಗಗಳನ್ನು ಹೋಲಿಸುತ್ತಾ ಹೋದರೆ ಸಾಲದೇ? ಕರ್ನಾಟಕದ ನಾಲ್ಕು ಕಂದಾಯ ವಿಭಾಗಗಳಿಗೆ ಆರು ಜೋಡಿಗಳಾಗುತ್ತವೆ. ಪ್ರತಿ ಹೋಲಿಕೆಯಲ್ಲೂ ಶೇ 5ರಷ್ಟು ಎಡವುವ ಸಾಧ್ಯತೆ ಇದ್ದರೆ, ಎಲ್ಲೋ ಒಂದು ಕಡೆ ಇಲ್ಲದ ಅಂತರ ಕಾಣಿಸುವ ಸಾಧ್ಯತೆ ಅದಕ್ಕಿಂತ ಎಷ್ಟೋ ಹೆಚ್ಚು. ಅನೋವಾ ಒಂದೇ ಸಲ ಕೇಳುತ್ತೆ. ಆದರೆ ಯಾವ ವಿಭಾಗ ಬೇರೆ ಅಂತ ಹೇಳಲ್ಲ. ಅದಕ್ಕೆ ಟಕಿ ಪರೀಕ್ಷೆಯಂಥದ್ದು ಆಮೇಲೆ ಬೇಕು. ಕಾರಣವನ್ನಂತೂ ಹೇಳೋದೇ ಇಲ್ಲ.

ಇದನ್ನು ರೂಪಿಸಿದ ರೊನಾಲ್ಡ್ ಫಿಶರ್ 1919ರಲ್ಲಿ ಸೇರಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ. (ಆತ ಯುಜೆನಿಕ್ಸ್‌ನ ಬೆಂಬಲಿಗನೂ ಹೌದು. ಲೆಕ್ಕ ತಗೊಳ್ಳೋಣ, ಆ ವಿಚಾರ ಬೇಡ.) ಹೊಲದಲ್ಲಿ ಗುಂಪಿನೊಳಗಿನ ಏರುಪೇರು ಅಂದರೆ ಮಣ್ಣಿನ ಗುಣ, ಪಕ್ಕಕ್ಕಿಡಬೇಕಾದ ಗದ್ದಲ. ತಾಲ್ಲೂಕುಗಳ ವಿಷಯದಲ್ಲಿ ಹಾಗೆ ಪಕ್ಕಕ್ಕಿಡೋಕಾಗಲ್ಲ, ಅಲ್ಲಿರೋದು ಜನ.

2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕನ್ನೇ ಘಟಕವಾಗಿ ತಗೊಂಡಿತ್ತು. ಆಗಿನ 175 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದ್ದೇ. ಈ ಅಂತರವನ್ನು ಕಾಕತಾಳೀಯ ಅನ್ನೋಕಾಗಲ್ಲ, 371(ಜೆ) ಬೇಡಿಕೆಗೆ ಗಟ್ಟಿ ನೆಲ ಇದ್ದದ್ದೂ ಇಲ್ಲೇ. ಆದರೆ ಬೆಳಗಾವಿ ವಿಭಾಗದಲ್ಲಿ 5 ಇದ್ದರೆ, ರಾಜಧಾನಿ ಇರುವ ಬೆಂಗಳೂರು ವಿಭಾಗದಲ್ಲಿ 11 ಇದ್ದವು. ‘ದಕ್ಷಿಣ ಮುಂದಿದೆ’ ಅನ್ನೋ ಸರಾಸರಿಯಲ್ಲಿ ಈ 11 ತಾಲ್ಲೂಕುಗಳು ಕಾಣಿಸೋದೇ ಇಲ್ಲ.