ಕುದುರೆ ಲಾಯದಿಂದ ತಾಯಿ ಕಾರ್ಡಿಗೆ

ಪುಣೆಯ ಹಡಪ್ಸರ್ ಎಂದ ಕೂಡಲೇ ಈಗ ಎಲ್ಲರಿಗೂ ನೆನಪಾಗುವುದು ಕೋವಿಶೀಲ್ಡ್. ಅದನ್ನು ತಯಾರಿಸಿದ ಸೀರಂ ಇನ್‌ಸ್ಟಿಟ್ಯೂಟ್‌ನ ಮೂಲ ಮಾತ್ರ ರೇಸು ಕುದುರೆಗಳ ಲಾಯದಲ್ಲಿದೆ. ಪೂನಾವಾಲಾ ಕುಟುಂಬದ ಫಾರ್ಮಿನಿಂದ ವಯಸ್ಸಾದ ಕುದುರೆಗಳು ಮುಂಬೈನ ಹಾಫ್‌ಕಿನ್ ಸಂಸ್ಥೆಗೆ ಹೋಗುತ್ತಿದ್ದವು. ಅಲ್ಲಿ ಅವುಗಳ ರಕ್ತದಿಂದ ಧನುರ್ವಾಯುವಿಗೆ ಪ್ರತಿವಿಷ ತೆಗೆಯುತ್ತಿದ್ದರು. ಕುದುರೆ ನಮ್ಮದೇ ಇರುವಾಗ ಸೀರಂ ನಾವೇ ಏಕೆ ತೆಗೆಯಬಾರದು ಎಂದುಕೊಂಡ ಸೈರಸ್ ಪೂನಾವಾಲಾ 1966ರಲ್ಲಿ ಕಂಪನಿ ಶುರುಮಾಡಿದರು. ಧನುರ್ವಾಯುವಿನ ರೋಗಾಣು ಅಡಗಿರುವುದು ಮಣ್ಣಿನಲ್ಲಿ, ಕುದುರೆಯ ಲದ್ದಿಯಲ್ಲಿ. ಅದಕ್ಕೆ ಮದ್ದು ಕೊಟ್ಟದ್ದೂ ಕುದುರೆಯೇ!

ಕುದುರೆಯ ಸೀರಂ ಗಾಯವಾದವರಿಗೆ ಆಗಿನ ಮಟ್ಟಿಗೆ ಆಸರೆ, ಅಷ್ಟೆ. ನಮ್ಮ ದೇಹವೇ ಪ್ರತಿವಿಷ ತಯಾರಿಸುವಂತೆ ಮಾಡುವ ಟಾಕ್ಸಾಯ್ಡ್, ಅಂದರೆ ನಮ್ಮ ಜನರ ಬಾಯಲ್ಲಿ ‘ಟಿಟಿ’ ಆದ ಚುಚ್ಚುಮದ್ದು, ಫ್ರಾನ್ಸಿನ ಗ್ಯಾಸ್ಟನ್ ರಮೋನ್ ಅವರ 1920ರ ದಶಕದ ಕೆಲಸದಿಂದ ಬಂತು. ಗರ್ಭಿಣಿಗೆ ಇದನ್ನು ಕೊಟ್ಟರೆ ಹುಟ್ಟುವ ಮಗುವೂ ಉಳಿಯುತ್ತದೆ ಎಂದು ತೋರಿಸಿದ್ದು ನ್ಯೂಗಿನಿಯಲ್ಲಿ ನಡೆದು 1961ರಲ್ಲಿ ಪ್ರಕಟವಾದ ಅಧ್ಯಯನ. ತಾಯಿಯ ರಕ್ತದ ಪ್ರತಿಕಾಯಗಳು ಮಾಸುಚೀಲ ದಾಟಿ ಮಗುವನ್ನು ಸೇರುತ್ತವೆ. ಹುಟ್ಟಿದ ಮೇಲೆ ಮಗುವಿಗೇ ಲಸಿಕೆ ಹಾಕೋಣವೆಂದರೆ ಹೊತ್ತು ಮೀರಿರುತ್ತದೆ.

ಏಕೆಂದರೆ ಈ ಕಾಯಿಲೆ ಕಾಯುವುದಿಲ್ಲ. ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕೊಯ್ದು, ಅದಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುತ್ತಿದ್ದ ಕಾಲವಿತ್ತು. ಒಂದೆರಡು ದಿನ ಚೆನ್ನಾಗಿಯೇ ಹಾಲು ಕುಡಿದ ಕೂಸು ಆಮೇಲೆ ಬಾಯಿ ಬಿಗಿದು ಮೊಲೆ ಹಿಡಿಯದೆ, ಮೈಯೆಲ್ಲ ಸೆಟೆದು ಸಾಯುತ್ತಿತ್ತು. ಭಾರತದಲ್ಲಿ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಶಿಶುಗಳಿಗೆ ಧನುರ್ವಾಯು ಬರುತ್ತಿತ್ತೆಂಬ ಅಂದಾಜು ಬಹಳ ಹಳೆಯದೇನಲ್ಲ. 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಗರ್ಭಿಣಿಯರ ಟಿಟಿಯೂ ಸೇರಿತ್ತು. 2015ರಲ್ಲಿ ಭಾರತ ತಾಯಿ–ಶಿಶು ಧನುರ್ವಾಯುವನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಶ್ರೇಯವನ್ನೆಲ್ಲ ಲಸಿಕೆಗೇ ಕಟ್ಟುವುದು ನ್ಯಾಯವಲ್ಲ. ಆಸ್ಪತ್ರೆ ಹೆರಿಗೆ, ಹೊಸ ಬ್ಲೇಡು, ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರ ಪಾಲೂ ಅದರಲ್ಲಿದೆ.

ನಿವಾರಣೆ ಎಂದರೆ ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ, ಸಿಡುಬಿನಂತೆ ನಿರ್ನಾಮವಲ್ಲ. ಮಣ್ಣಿನಲ್ಲಿರುವ ರೋಗಾಣು ಎಲ್ಲಿಗೂ ಹೋಗಿಲ್ಲ. ಈಗ ಟಿಟಿಯ ಜಾಗಕ್ಕೆ ಗಂಟಲಮಾರಿಯನ್ನೂ ತಡೆಯುವ ‘ಟಿಡಿ’ ಬಂದಿದೆ. ಬಸಿರು ಗೊತ್ತಾದ ಕೂಡಲೇ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಹಿಂದಿನ ಬಸಿರಿನಲ್ಲಿ ಎರಡೂ ಹಾಕಿಸಿಕೊಂಡು ಮೂರು ವರ್ಷದೊಳಗೆ ಮತ್ತೆ ಗರ್ಭಿಣಿಯಾದರೆ ಒಂದೇ ಬೂಸ್ಟರ್ ಸಾಕು. ಅದಕ್ಕೇ, ಹೆರಿಗೆಯಾಯಿತೆಂದು ಈ ಚುಚ್ಚುಮದ್ದುಗಳ ಲೆಕ್ಕ ಬರೆದಿರುವ ತಾಯಿ ಕಾರ್ಡನ್ನು ಎಸೆಯಬೇಡಿ.