ಬೇರೆಯವರ ಉಪವಾಸದ ತಿಂಗಳಲ್ಲಿ ನೀವು

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯಿಂದ ದುಬೈ, ಕುವೈತ್, ರಿಯಾದ್‌ಗಳಿಗೆ ಕೆಲಸಕ್ಕೆ ಹೋದವರು ನಿಮ್ಮ ಪೈಕಿಯಲ್ಲೇ ಯಾರಾದರೂ ಇದ್ದಾರು. ನಾಳೆ ನೀವೂ ಹೋಗಬಹುದು. ಅಲ್ಲಿನ ಬಿಸಿಲಿಗೂ ಭಾಷೆಗೂ ಕೆಲವೇ ತಿಂಗಳಲ್ಲಿ ಒಗ್ಗಿಕೊಂಡವರು ಕೂಡ, ಮುಸ್ಲಿಮರಲ್ಲದಿದ್ದರೆ, ಮೊದಲ ರಂಜಾನ್ ಬಂದಾಗ ಒಂದಿಷ್ಟು ತಬ್ಬಿಬ್ಬಾಗುತ್ತಾರೆ. ಏಕೆ?

ನಮ್ಮ ಬೆಟ್ಟಗಳಲ್ಲಿ ರಂಜಾನ್ ಎಂದರೆ ಪಕ್ಕದ ಮನೆಯವರ ವ್ರತ. ಬಣಕಲ್ಲಿನ ಬ್ಯಾರಿ ಗೆಳೆಯ ಉಪವಾಸ ಹಿಡಿದೇ ತರಗತಿಗೆ ಬರುತ್ತಾನೆ. ನೀವು ಅವನೆದುರೇ ಬುತ್ತಿ ಬಿಚ್ಚುತ್ತೀರಿ, ಅವನು ಏನೂ ಅನ್ನುವುದಿಲ್ಲ. ಹೋಟೆಲು ತೆರೆದಿರುತ್ತದೆ, ಬಸ್ಸು ತನ್ನ ಹೊತ್ತಿಗೇ ಹೊರಡುತ್ತದೆ. ಕೊಲ್ಲಿ ದೇಶಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಇಡೀ ಊರಿನ ಹೊತ್ತುಗೊತ್ತೇ ಬದಲಾಗುತ್ತದೆ. ಹೊಂದಿಕೊಂಡು ನಡೆಯಬೇಕಾದವರು ನೀವು.

ಉಪವಾಸಕ್ಕೆ ಬ್ಯಾರಿ ಭಾಷೆಯಲ್ಲಿ ನೋಂಬು ಎನ್ನುತ್ತಾರೆ. ಹಳಗನ್ನಡದಲ್ಲಿ ಜೈನರ ವ್ರತಕ್ಕಿರುವ ‘ನೋಂಪಿ’ ಎಂಬ ಹೆಸರೂ ಇದೇ ಬೇರಿನದು. ಆದರೆ ನಮ್ಮ ಏಕಾದಶಿಯಂತೆ ಹಾಲು ಹಣ್ಣು ತೆಗೆದುಕೊಳ್ಳುವ ಉಪವಾಸ ಇದಲ್ಲ. ಬೆಳಗಿನ ಜಾವದ ಮೊದಲ ಬೆಳಕಿನಿಂದ, ಅಂದರೆ ಸೂರ್ಯೋದಯಕ್ಕೆ ಒಂದು ಗಂಟೆಗೂ ಮುಂಚಿನಿಂದ, ಸೂರ್ಯ ಮುಳುಗುವವರೆಗೆ ಒಂದು ಗುಟುಕು ನೀರೂ ಇಲ್ಲ. ಚಿಕ್ಕ ಮಕ್ಕಳು, ಕಾಯಿಲೆಯವರು, ಗರ್ಭಿಣಿಯರು, ಪ್ರಯಾಣದಲ್ಲಿರುವವರು ಇವರಿಗೆ ವಿನಾಯಿತಿ ಉಂಟು. ಆದ್ದರಿಂದ ಮುಸ್ಲಿಂ ಸಹೋದ್ಯೋಗಿಯೊಬ್ಬ ಮರೆಯಲ್ಲಿ ನೀರು ಕುಡಿಯುವುದು ಕಂಡರೆ ಕಾರಣ ಕೇಳಲು ಹೋಗಬೇಡಿ.

ಮುಸ್ಲಿಮರಲ್ಲದವರು ಉಪವಾಸ ಮಾಡಲೇಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಕಟ್ಟಳೆ ಇರುವುದು ಬಹಿರಂಗವಾಗಿ ತಿನ್ನುವುದಕ್ಕೆ, ಕುಡಿಯುವುದಕ್ಕೆ. ಕುವೈತಿನಲ್ಲಿ 1968ರಲ್ಲೇ ಇದಕ್ಕೆ ಕಾನೂನು ಬಂತು: ಹಗಲು ಸಾರ್ವಜನಿಕ ಸ್ಥಳದಲ್ಲಿ ತಿಂದರೆ 100 ದಿನಾರ್‌ವರೆಗೆ ದಂಡ ಅಥವಾ ಒಂದು ತಿಂಗಳವರೆಗೆ ಸೆರೆಮನೆ, ಇಲ್ಲವೆ ಎರಡೂ. ದುಬೈ ಸಡಿಲ. ಅಲ್ಲಿ ಹೋಟೆಲುಗಳು ಹಗಲು ಊಟ ಕೊಡುವುದಿದ್ದರೆ ಪರದೆ ಕಟ್ಟಬೇಕಿತ್ತು. 2021ರಲ್ಲಿ ಆ ನಿಯಮವನ್ನೂ ಕೈಬಿಟ್ಟರು. ಕೆಲಸದ ವೇಳೆಯಲ್ಲೂ ದೇಶದಿಂದ ದೇಶಕ್ಕೆ ವ್ಯತ್ಯಾಸ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ದಿನಕ್ಕೆ ಎರಡು ಗಂಟೆ ಕಡಿತ, ಧರ್ಮ ಯಾವುದಾದರೂ ಸರಿ. ಸೌದಿಯಲ್ಲಿ ದಿನಕ್ಕೆ ಆರೇ ಗಂಟೆ ಎಂಬ ಮಿತಿಯನ್ನು ಕಾನೂನು ಹೇಳಿರುವುದು ಮುಸ್ಲಿಂ ನೌಕರರಿಗೆ ಮಾತ್ರ. ಹೋಗುವ ಮೊದಲೇ ಇದನ್ನು ಕೇಳಿ ತಿಳಿದಿರಿ.

ಕಚೇರಿಯಲ್ಲಿ ಕೂರುವವರಿಗೆ ಇದೆಲ್ಲ ಸಣ್ಣ ಹೊಂದಾಣಿಕೆ. ಕಟ್ಟಡದ ಕೆಲಸಕ್ಕೆ ಹೋದವರ ಪಾಡು ಬೇರೆ. ನಲವತ್ತು ಡಿಗ್ರಿ ಮೀರಿದ ಬಿಸಿಲಲ್ಲಿ ಬೆವರಾಗಿ ಹೋದ ನೀರನ್ನು ದೇಹಕ್ಕೆ ಮತ್ತೆ ಕೊಡದಿದ್ದರೆ ಬೆವರು ಕಡಿಮೆಯಾಗುತ್ತದೆ, ಮೈಯ ಶಾಖ ಏರುತ್ತದೆ, ತಲೆ ಸುತ್ತಿ ಬೀಳುತ್ತಾರೆ, ಪ್ರಾಣವೂ ಹೋಗಬಹುದು. ಸುತ್ತಲಿನವರೆಲ್ಲ ಉಪವಾಸ ಇದ್ದಾರೆಂಬ ಸಂಕೋಚದಿಂದ ಬಾಯಾರಿಕೆ ತಡೆದುಕೊಳ್ಳುವುದು ಮರ್ಯಾದೆಯಲ್ಲ, ಅಪಾಯ. ಮರೆಗೆ ಹೋಗಿ ಕುಡಿಯಿರಿ. ಯಾರೂ ತಪ್ಪು ತಿಳಿಯುವುದಿಲ್ಲ.

ಬಿಸಿಲಿನ ಮಾತು ಬಂದದ್ದರಿಂದ ಒಂದು ಪ್ರಶ್ನೆ. ರಂಜಾನ್ ಯಾವ ಕಾಲದಲ್ಲಿ ಬರುತ್ತದೆ? ಎಲ್ಲ ಕಾಲದಲ್ಲೂ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ, ಅಂಥ ಹನ್ನೆರಡು ತಿಂಗಳಿಗೆ 354 ದಿನ ಚಿಲ್ಲರೆ. ಸೌರವರ್ಷಕ್ಕಿಂತ ಸುಮಾರು 11 ದಿನ ಕೊರತೆ. ನಮ್ಮ ಚಾಂದ್ರಮಾನ ಪಂಚಾಂಗದಲ್ಲೂ ಇದೇ ಕೊರತೆ ಇದೆ. ಆದರೆ ನಾವು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಸರಿದೂಗಿಸುತ್ತೇವೆ. ಅದಕ್ಕೇ ಯುಗಾದಿ ಮಾರ್ಚ್, ಏಪ್ರಿಲ್ ಬಿಟ್ಟು ಓಡುವುದಿಲ್ಲ. ಇಸ್ಲಾಮಿ ಪಂಚಾಂಗದಲ್ಲಿ ಅಧಿಕಮಾಸ ಇಲ್ಲ. ಹಾಗಾಗಿ ರಂಜಾನ್ ಪ್ರತಿವರ್ಷ 10-11 ದಿನ ಹಿಂದೆ ಸರಿಯುತ್ತಾ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 1997ರ ಜನವರಿಯಲ್ಲಿ ನಮ್ಮ ತೋಟಗಳಲ್ಲಿ ಕಾಫಿ ಕೊಯ್ಲು ನಡೆಯುವಾಗ ಬಂತು. 2015ರಲ್ಲಿ ಜೂನ್ ಮಳೆಯಲ್ಲಿ ಬಂತು. ಆ ಜೂನ್‌ನಲ್ಲಿ ದುಬೈಯ ಉಪವಾಸ ಸುಮಾರು 15 ಗಂಟೆ, ಜನವರಿಯಲ್ಲಾದರೆ 12. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ, ಒಂದೇ ವರ್ಷದಲ್ಲಿ ಎರಡು ಬಾರಿ ಶುರುವಾಗಲಿದೆ.

ಇನ್ನು ಸಂಜೆ. ದುಬೈಯಲ್ಲಿ ಸೂರ್ಯಾಸ್ತಕ್ಕೆ ಪೊಲೀಸರು ತೋಪು ಹಾರಿಸುತ್ತಾರೆ, ಮಸೀದಿಗಳಿಂದ ಬಾಂಗು ಕೇಳುತ್ತದೆ, ಖರ್ಜೂರ ನೀರಿನಿಂದ ಉಪವಾಸ ಬಿಡುತ್ತಾರೆ. ಇದೇ ಇಫ್ತಾರ್. ಇಲ್ಲೊಂದು ಸ್ವಾರಸ್ಯ ನೋಡಿ. 828 ಮೀಟರ್ ಎತ್ತರದ ಬುರ್ಜ್ ಖಲೀಫಾದಲ್ಲಿ 80ನೇ ಮಹಡಿಯಿಂದ ಮೇಲಿರುವವರು ಎರಡು ನಿಮಿಷ, 150ನೆಯದಕ್ಕಿಂತ ಮೇಲಿರುವವರು ಮೂರು ನಿಮಿಷ ತಡವಾಗಿ ಉಪವಾಸ ಬಿಡಬೇಕೆಂದು 2011ರಲ್ಲಿ ಅಲ್ಲಿನ ಧರ್ಮಪಂಡಿತರು ಹೇಳಿದರು. ಎತ್ತರಕ್ಕೆ ಹೋದಷ್ಟೂ ದಿಗಂತ ಕೆಳಗಿಳಿಯುತ್ತದೆ. ನೆಲದ ಮೇಲಿನವನಿಗೆ ಮುಳುಗಿದ ಸೂರ್ಯ ಮೇಲಿನವನಿಗೆ ಇನ್ನೂ ಕಾಣುತ್ತಿರುತ್ತಾನೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದರ ತುದಿಯಿಂದ ಪಡುವಣ ದಿಗಂತ ತಿಳಿಯಾಗಿ ಕಂಡರೆ, ಅದೇ ಜಾಗದಲ್ಲಿ ಸಮುದ್ರಮಟ್ಟದಲ್ಲಿ ನಿಂತವನಿಗಿಂತ ಹೆಚ್ಚುಕಡಿಮೆ ಐದು ನಿಮಿಷ ತಡವಾಗಿ ಸೂರ್ಯ ಮುಳುಗುತ್ತಾನೆ. ದಿಗಂತದ ಇಳಿಕೆಯ ಸೂತ್ರ ಗೊತ್ತಿರುವವರು ಲೆಕ್ಕ ಹಾಕಿ ನೋಡಿ.

ಇಫ್ತಾರಿಗೆ ಹಾಕಿದ ಗುಡಾರಗಳಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು, ಜಾತಿ ಕೇಳುವವರಿಲ್ಲ. ಸಹೋದ್ಯೋಗಿ ಮನೆಗೆ ಕರೆದರೆ ಹತ್ತು ನಿಮಿಷ ಮೊದಲೇ ಹೋಗಿ. ಬಾಂಗು ಆಗುವವರೆಗೆ ತಟ್ಟೆಗೆ ಕೈ ಹಾಕಬೇಡಿ, ಆ ಹತ್ತು ನಿಮಿಷದ ಮೌನವನ್ನೇ ನೋಡಿ. ದಿನವೆಲ್ಲ ಹಸಿದವರು ಮುಂದಿರುವ ಅನ್ನವನ್ನು ಮುಟ್ಟದೆ ಕೂತಿರುವ ಆ ಹೊತ್ತು, ನನ್ನ ಮಟ್ಟಿಗೆ, ತಿಂಗಳಲ್ಲೇ ನೋಡತಕ್ಕದ್ದು.

ಆಮೇಲೆ ಕಾಫಿ ಬರುತ್ತದೆ. ರಾತ್ರಿಯ ಧ್ಯಾನಕ್ಕೆ ನಿದ್ದೆ ತಡೆಯಲೆಂದು 15ನೇ ಶತಮಾನದಲ್ಲಿ ಯಮನಿನ ಸೂಫಿಗಳು ಕುಡಿಯುತ್ತಿದ್ದ ಪಾನೀಯ ಇದು. ಅದೇ ಯಮನಿನ ಮೋಕಾದಿಂದ ಬಾಬಾಬುಡನ್ ಏಳು ಬೀಜ ತಂದರೆಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ಚಿಕೋರಿಯ ಕಪ್ಪು, ಹಾಲಿನ ನೊರೆ ಹುಡುಕಬೇಡಿ. ಎಳೆಯದಾಗಿ ಹುರಿದ ಬೀಜ, ಏಲಕ್ಕಿಯ ಘಾಟು, ಹೊಂಬಣ್ಣ, ಹಿಡಿಯಿಲ್ಲದ ಪುಟ್ಟ ಬಟ್ಟಲು. ಬಲಗೈಯಲ್ಲಿ ತೆಗೆದುಕೊಳ್ಳಿ. ಸಾಕಾದರೆ ಬಟ್ಟಲನ್ನು ಎರಡು ಮೂರು ಸಲ ಮೆಲ್ಲಗೆ ಅಲ್ಲಾಡಿಸಿ ಹಿಂದಕ್ಕೆ ಕೊಡಿ. ಸುಮ್ಮನೆ ಚಾಚಿದರೆ ಮತ್ತೆ ತುಂಬಿಸುತ್ತಾರೆ.