ಒಂದು ಸೆಂಟಿನ ಸರಕು, ನಾಲ್ಕು ಡಾಲರಿನ ಅಂಚೆ

ಆನ್‌ಲೈನ್ ಹರಾಜಿನಲ್ಲಿ ಅಂಚೆ ವೆಚ್ಚವು ವಸ್ತುವಿನ ಬೆಲೆಯನ್ನೇ ಮೀರಿ ಬೆಳೆದಿದ್ದು ಹೇಗೆ, ಅದಕ್ಕೆ ಕಡಿವಾಣ ಬಿದ್ದಿದ್ದು ಹೇಗೆ?

ಹರಾಜಿಗೆ ಬಂದ ಹಾಡಿನ ಸಿ.ಡಿ.ಯೊಂದರ ಆರಂಭಿಕ ಬೆಲೆ ಒಂದು ಸೆಂಟ್. ಆಗಿನ ವಿನಿಮಯ ದರದಲ್ಲಿ ನಮ್ಮ ಐವತ್ತು ಪೈಸೆಗೂ ಕಡಿಮೆ. ಆದರೆ ಅಂಚೆ ವೆಚ್ಚ 3.99 ಡಾಲರ್. ಅದೇ ಸಿ.ಡಿ.ಯ ಇನ್ನೊಂದು ಪ್ರತಿಗೆ ಆರಂಭಿಕ ಬೆಲೆ ನಾಲ್ಕು ಡಾಲರ್, ಅಂಚೆ ಉಚಿತ. ಯಾವುದನ್ನು ಕೊಂಡರೂ ಕೈಯಿಂದ ಹೋಗುವುದು ಕನಿಷ್ಠ ನಾಲ್ಕು ಡಾಲರ್. ಹೀಗಿರುವಾಗ ಎರಡಕ್ಕೂ ಒಂದೇ ಬೆಲೆ ಬರಬೇಕಲ್ಲವೇ?

ಬರಲಿಲ್ಲ. ತಂಜೀಮ್ ಹುಸೇನ್ ಮತ್ತು ಜಾನ್ ಮಾರ್ಗನ್ ಎಂಬ ಅರ್ಥಶಾಸ್ತ್ರಜ್ಞರು ಇಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ಇಂಥ 80 ಹರಾಜುಗಳನ್ನು ತಾವೇ ನಡೆಸಿ ನೋಡಿದರು. ನಲವತ್ತು ಹಾಡಿನ ಸಿ.ಡಿ.ಗಳು, ನಲವತ್ತು ಎಕ್ಸ್‌ಬಾಕ್ಸ್ ವಿಡಿಯೊ ಗೇಮ್‌ಗಳು. ಕನಿಷ್ಠ ಮೊತ್ತ ನಾಲ್ಕು ಡಾಲರ್ ಇದ್ದಾಗ, ಬೆಲೆ ಕಡಿಮೆ ತೋರಿಸಿ ಅಂಚೆ ವೆಚ್ಚ ಹೆಚ್ಚಿಟ್ಟ ಹರಾಜಿಗೆ ಹೆಚ್ಚು ಜನ ಬಂದರು, ಬೇಗ ಬಂದರು, ಹೆಚ್ಚು ಹಣವನ್ನೂ ಕೊಟ್ಟರು. ಕನಿಷ್ಠ ಮೊತ್ತ ಎಂಟು ಡಾಲರಿಗೆ ಏರಿ, ಸಿ.ಡಿ.ಯ ಅಂಗಡಿ ಬೆಲೆಯ ಅರ್ಧವನ್ನು ದಾಟಿದಾಗ ಮಾತ್ರ ಸಿ.ಡಿ.ಗಳ ಮಟ್ಟಿಗೆ ಈ ವ್ಯತ್ಯಾಸ ಮಾಯವಾಯಿತು. 2006ರಲ್ಲಿ ಪ್ರಕಟವಾದ ಈ ಅಧ್ಯಯನ ಸಾರಿದ್ದು ಇಷ್ಟು: ಕೊಳ್ಳುವವರ ಕಣ್ಣು ಮೊದಲು ಬೆಲೆಯ ಮೇಲೆ ಬೀಳುತ್ತದೆ, ಅಂಚೆ ವೆಚ್ಚವನ್ನು ಅವರು ಅಷ್ಟು ಬಿಗಿಯಾಗಿ ಲೆಕ್ಕ ಹಾಕುವುದಿಲ್ಲ. ವಿದ್ವಾಂಸರು ಅಂಕಿ ಅಂಶಗಳಿಂದ ಕಂಡುಕೊಂಡ ಈ ಸಂಗತಿ ಹರಾಜು ತಾಣದ ಮಾರಾಟಗಾರರಿಗೆ ಅನುಭವದಿಂದ ಆಗಲೇ ಗೊತ್ತಿತ್ತು.

‘ಅಂಚೆ ವೆಚ್ಚ ಪ್ರತ್ಯೇಕ’

ಬೆಲೆ ಒಂದು ಕಡೆ, ಸಾಗಣೆ ಇನ್ನೊಂದು ಕಡೆ ಎಂಬ ಲೆಕ್ಕ ಇಂಟರ್‌ನೆಟ್ಟಿನಿಂದ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಮಾಂಟ್ಗೊಮರಿ ವಾರ್ಡ್ 1872ರಲ್ಲಿ ಒಂದು ಹಾಳೆಯ ಬೆಲೆಪಟ್ಟಿ ಹಂಚಿ ಅಂಚೆ ವ್ಯಾಪಾರ ಆರಂಭಿಸಿದಾಗ ದೊಡ್ಡ ಪಾರ್ಸೆಲ್ ಒಯ್ಯುವ ಕೆಲಸ ಅಲ್ಲಿನ ಸರ್ಕಾರಿ ಅಂಚೆಯದಾಗಿರಲಿಲ್ಲ. ಖಾಸಗಿ ಸಾಗಣೆ ಕಂಪನಿಗಳು ಕೇಳಿದಷ್ಟು ತೆರಬೇಕಿತ್ತು. 1913ರ ಜನವರಿ 1ರಂದು ಸರ್ಕಾರಿ ಪಾರ್ಸೆಲ್ ಅಂಚೆ ಶುರುವಾದ ಮೇಲೆ ದರ ಎಲ್ಲರಿಗೂ ತಿಳಿಯುವಂತಾಯಿತು. ತೂಕ ಮತ್ತು ದೂರ ಗೊತ್ತಿದ್ದರೆ ಸಾಕು, ರೈತನೂ ಖರ್ಚನ್ನು ತಾನೇ ಲೆಕ್ಕ ಹಾಕಬಹುದಿತ್ತು.

ಸರಕು ಕೈಸೇರುವಾಗ ಅಂಚೆಯವರಿಗೇ ಹಣ ಕೊಡುವ ವಿ.ಪಿ.ಪಿ. ವ್ಯವಸ್ಥೆ ನಮ್ಮಲ್ಲಿ ಬಂದಿದ್ದು 1877ರಲ್ಲಿ. ಪತ್ರಿಕೆಯಲ್ಲಿ ಪುಸ್ತಕದ ಜಾಹೀರಾತು ನೋಡಿ ಕಾರ್ಡು ಬರೆದು ತರಿಸಿಕೊಂಡ ತಲೆಮಾರಿಗೆ ಬೆಲೆಯ ಪಕ್ಕ ‘ಅಂಚೆ ವೆಚ್ಚ ಪ್ರತ್ಯೇಕ’ ಎಂದಿರುತ್ತಿದ್ದುದು ನೆನಪಿರುತ್ತದೆ. ಆ ಸಾಲಿನಲ್ಲಿ ಮೋಸವಿರಲಿಲ್ಲ. ಪುಸ್ತಕದ ಕಟ್ಟಿನ ಮೇಲೆ ಅಂಟಿಸಿದ ಅಂಚೆಚೀಟಿಗಳನ್ನು ಕೂಡಿದರೆ ಖರ್ಚೆಷ್ಟು ಎಂಬುದು ಯಾರಿಗೂ ತಿಳಿಯುತ್ತಿತ್ತು. ಅಂಚೆ ಖರ್ಚು ಅಂಚೆಗೇ ಸೇರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಹೀಗೆ. ಆನ್‌ಲೈನ್ ಮಾರಾಟಗಾರರು ದುಡಿಸಿಕೊಂಡಿದ್ದು ಇದೇ ನಂಬಿಕೆಯನ್ನು.

ಶುಲ್ಕದ ಬೇಲಿಯಲ್ಲಿ ಬಿಟ್ಟ ಸಂದು

ಪಿಯರ್ ಒಮಿಡ್ಯಾರ್ 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಆಕ್ಷನ್‌ವೆಬ್’ ಎಂಬ ಹರಾಜು ಪುಟ ತೆರೆದರು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಮೊದಲಿಗೆ ಎಲ್ಲವೂ ಪುಕ್ಕಟೆ. 1996ರಲ್ಲಿ ಶುಲ್ಕ ಬಂತು, 1997ರಲ್ಲಿ ಹೆಸರು ಇಬೇ ಎಂದಾಯಿತು. ಶುಲ್ಕದಲ್ಲಿ ಎರಡು ಭಾಗ. ವಸ್ತುವನ್ನು ಪಟ್ಟಿಗೆ ಸೇರಿಸಲು ಒಂದಿಷ್ಟು, ಮಾರಾಟವಾದ ಮೇಲೆ ಅಂತಿಮ ಬೆಲೆಯಲ್ಲಿ ಶೇಕಡಾ ಇಷ್ಟು. ಅಂಚೆ ವೆಚ್ಚದ ಮೇಲೆ ಶುಲ್ಕವಿರಲಿಲ್ಲ. ಅದು ಮಾರುವವರ ಆದಾಯವಲ್ಲ, ಅಂಚೆ ಕಚೇರಿಗೆ ಕಟ್ಟುವ ಹಣ ಎಂಬುದು ಈ ವಿನಾಯಿತಿಯ ಹಿಂದಿನ ತರ್ಕ. ತರ್ಕ ನ್ಯಾಯವಾದದ್ದೇ. ಆದರೆ ಅಂಚೆ ವೆಚ್ಚ ಎಷ್ಟೆಂದು ಬರೆಯುವವರು ಮಾರುವವರೇ ಆಗಿದ್ದರು.

ಲೆಕ್ಕ ಹಾಕಿ ನೋಡೋಣ. ಕಮಿಷನ್ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ಇಪ್ಪತ್ತು ಡಾಲರಿನ ವ್ಯವಹಾರದಲ್ಲಿ ಒಬ್ಬರು ವಸ್ತುವಿಗೆ 17, ಅಂಚೆಗೆ 3 ಡಾಲರ್ ಎಂದು ಪ್ರಾಮಾಣಿಕವಾಗಿ ಬರೆದರೆ ಕಮಿಷನ್ 1.70 ಡಾಲರ್. ಇನ್ನೊಬ್ಬರು ವಸ್ತುವಿಗೆ 5, ಅಂಚೆಗೆ 15 ಎಂದು ಬರೆದರೆ ಕಮಿಷನ್ ಬರೀ 50 ಸೆಂಟ್. ಒಂದು ಸರಕಿನಲ್ಲಿ 1.20 ಡಾಲರ್ ಉಳಿತಾಯ. ತಿಂಗಳಿಗೆ ಸಾವಿರ ಸರಕು ಮಾರುವವರಿಗೆ ಅದು 1,200 ಡಾಲರ್. ಪಟ್ಟಿಗೆ ಸೇರಿಸುವ ಶುಲ್ಕವೂ ಆರಂಭಿಕ ಬೆಲೆಯನ್ನು ನೋಡಿಯೇ ನಿಗದಿಯಾಗುತ್ತಿದ್ದುದರಿಂದ ಒಂದು ಸೆಂಟಿನಿಂದ ಶುರು ಮಾಡಿದವರಿಗೆ ಅಲ್ಲೂ ಲಾಭ.

ಹುಡುಕಾಟದ ಪುಟವೂ ಅವರಿಗೇ ನೆರವಾಯಿತು. ಕಡಿಮೆ ಬೆಲೆಯದನ್ನು ಮೊದಲು ತೋರಿಸು ಎಂದರೆ ಒಂದು ಸೆಂಟಿನ ಸರಕು ನೆತ್ತಿಗೆ ಏರುತ್ತಿತ್ತು, ಇದ್ದ ಬೆಲೆ ಹೇಳಿದವರು ಕೆಳಗೆಲ್ಲೋ ಉಳಿಯುತ್ತಿದ್ದರು. ಇನ್ನು ಸರಕು ಹಿಂತಿರುಗಿಸಿದರೆ ವಸ್ತುವಿನ ಬೆಲೆ ಮಾತ್ರ ವಾಪಸ್, ಅಂಚೆ ವೆಚ್ಚ ಕೊಡುವುದಿಲ್ಲ ಎಂಬ ಷರತ್ತನ್ನು ಎಷ್ಟೋ ಮಾರಾಟಗಾರರು ಹಾಕುತ್ತಿದ್ದರು. ಐದು ಡಾಲರಿನ ವಸ್ತುವಿಗೆ ಹದಿನೈದು ಡಾಲರ್ ಅಂಚೆ ತೆತ್ತವರಿಗೆ ವಾಪಸ್ ಸಿಗುತ್ತಿದ್ದುದು ಆ ಐದೇ ಡಾಲರ್.

ಕೆಲವರ ದುರಾಸೆಯಷ್ಟೇ ಇದಕ್ಕೆ ಕಾರಣ ಎಂದು ನಾನು ಒಪ್ಪುವುದಿಲ್ಲ. ಪ್ರಾಮಾಣಿಕರನ್ನು ಹಿಂದಕ್ಕೆ ತಳ್ಳುವ ನಿಯಮ ಇದ್ದಲ್ಲಿ ಪ್ರಾಮಾಣಿಕರೂ ಒಬ್ಬೊಬ್ಬರಾಗಿ ದಾರಿ ಬದಲಿಸುತ್ತಾರೆ.

ಲಕೋಟೆ ಹೇಳಿದ ಸತ್ಯ

ಸರಕು ಮನೆಗೆ ಬಂದ ದಿನವೇ ಮೋಸ ಬಯಲಾಗುತ್ತಿತ್ತು. ಗುಳ್ಳೆ ಹಾಳೆಯ ಒಳಪದರವಿರುವ ಒಂದು ಲಕೋಟೆ. ಮೂಲೆಯಲ್ಲಿ ಅಂಚೆ ಮೀಟರಿನ ಕೆಂಪು ಮುದ್ರೆ. ಅದರಲ್ಲಿ ಪಾವತಿಸಿದ ಮೊತ್ತ ಎರಡು ಡಾಲರ್ ಚಿಲ್ಲರೆ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಕೊಂಡವರು ತೆತ್ತಿರುವುದು ಹತ್ತೋ ಹನ್ನೆರಡೋ ಡಾಲರ್. ಮೂಗಿಗಿಂತ ಮೂಗುತಿ ಭಾರ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಮುಂದೆ ಮನೆಯಲ್ಲೇ ಅಂಚೆ ಲೇಬಲ್ ಮುದ್ರಿಸುವ ಸೌಲಭ್ಯ ಬಂದಾಗ ಮೊತ್ತ ಕಾಣದಂತೆ ಮುದ್ರಿಸುವ ಆಯ್ಕೆಯೂ ಜತೆಗೆ ಬಂತು. ಆ ಸಾಕ್ಷಿಯೂ ಅಳಿಸಿಹೋಯಿತು.

ಮಾರುವವರ ಕಡೆಯ ಮಾತನ್ನೂ ಕೇಳಬೇಕು. ರಟ್ಟಿನ ಪೆಟ್ಟಿಗೆ, ಗುಳ್ಳೆ ಹಾಳೆ, ಟೇಪು ಪುಕ್ಕಟೆ ಸಿಗುವುದಿಲ್ಲ. ಗಾಜಿನ ಸಾಮಾನನ್ನು ಒಡೆಯದಂತೆ ಕಟ್ಟಲು ಹೊತ್ತು ಬೇಕು, ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು. ಅಂಚೆಚೀಟಿಯ ಬೆಲೆಗಿಂತ ಒಂದಿಷ್ಟು ಹೆಚ್ಚು ಕೇಳುವುದು ತಪ್ಪಲ್ಲ. ಹರಾಜು ತಾಣವೂ ಪ್ಯಾಕಿಂಗಿನ ನ್ಯಾಯವಾದ ಖರ್ಚನ್ನು ಒಪ್ಪಿತ್ತು. ತಪ್ಪು ಇರುವುದು ಲಾಭವನ್ನು ಖರ್ಚೆಂದು ಹೇಳುವುದರಲ್ಲಿ.

ಹಾಗಾದರೆ ಕೊಂಡವರು ದೂರಲಿಲ್ಲವೇ? ದೂರಲು ಹೆದರಿದರು. ಅಲ್ಲಿ ಕೊಂಡವರು ಮಾರಿದವರಿಗೆ, ಮಾರಿದವರು ಕೊಂಡವರಿಗೆ ಬಹಿರಂಗವಾಗಿ ಅಂಕ ಕೊಡುವ ಪದ್ಧತಿಯಿತ್ತು. ಅಂಚೆ ವೆಚ್ಚ ಜಾಸ್ತಿಯಾಯಿತೆಂದು ಕೆಟ್ಟ ಅಂಕ ಕೊಟ್ಟರೆ ಮರುದಿನವೇ ತಮ್ಮ ಹೆಸರಿಗೂ ಕೆಟ್ಟ ಅಂಕ ಬೀಳುವ ಭಯ. ಎಷ್ಟೋ ಜನ ಹಲ್ಲು ಕಚ್ಚಿಕೊಂಡು ಒಳ್ಳೆಯ ಮಾತನ್ನೇ ಬರೆದರು.

ಒಂದೊಂದೇ ಸಂದು ಮುಚ್ಚಿದ್ದು

ಸುಧಾರಣೆ ಹಂತ ಹಂತವಾಗಿ ಬಂತು. 2007ರಲ್ಲಿ ಇಬೇ ಮಾರಾಟಗಾರರಿಗೆ ನಕ್ಷತ್ರದ ಅಂಕ ಕೊಡುವ ವಿವರವಾದ ಪದ್ಧತಿ ತಂದಿತು. ಅದರ ನಾಲ್ಕು ಪ್ರಶ್ನೆಗಳಲ್ಲಿ ಒಂದು ನೇರವಾಗಿ ಅಂಚೆ ಮತ್ತು ಪ್ಯಾಕಿಂಗ್ ವೆಚ್ಚದ ಬಗ್ಗೆ. ಯಾರು ಎಷ್ಟು ಕೊಟ್ಟರೆಂಬುದು ಮಾರಿದವರಿಗೆ ತಿಳಿಯುತ್ತಿರಲಿಲ್ಲ. 2008ರಲ್ಲಿ ಮಾರಾಟಗಾರರು ಗ್ರಾಹಕರಿಗೆ ಕೆಟ್ಟ ಅಂಕ ಕೊಡುವುದನ್ನೇ ನಿಲ್ಲಿಸಲಾಯಿತು. ಅಂಕ ಪದ್ಧತಿ ಮತ್ತು ಶುಲ್ಕದ ಬದಲಾವಣೆಯನ್ನು ವಿರೋಧಿಸಿ ಮಾರಾಟಗಾರರು ಆ ಫೆಬ್ರುವರಿಯಲ್ಲಿ ಬಹಿಷ್ಕಾರಕ್ಕೂ ಇಳಿದರು. ಅದೇ ವರ್ಷ ಪುಸ್ತಕ, ಸಂಗೀತ, ಸಿನಿಮಾದಂಥ ವಿಭಾಗಗಳಲ್ಲಿ ಅಂಚೆ ವೆಚ್ಚಕ್ಕೆ ಗರಿಷ್ಠ ಮಿತಿ ಬಂತು. ಬೆಲೆ ಮತ್ತು ಅಂಚೆ ವೆಚ್ಚ ಕೂಡಿಸಿ ಕಡಿಮೆಯಿಂದ ಹೆಚ್ಚಿಗೆ ಜೋಡಿಸುವ ಹುಡುಕಾಟವೂ ಬಂತು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಮಿತಿ ಇಲ್ಲದ ವಿಭಾಗಗಳಲ್ಲಿ ಹಳೆಯ ಆಟ ಮುಂದುವರಿಯಿತು. ಅದಕ್ಕೆ ನಿಜವಾದ ಪೆಟ್ಟು ಬಿದ್ದಿದ್ದು 2011ರ ಜುಲೈನಲ್ಲಿ. ಅಲ್ಲಿಂದ ಮುಂದೆ ಕಮಿಷನ್ ವಸ್ತುವಿನ ಬೆಲೆಗೆ ಮಾತ್ರವಲ್ಲ, ಅಂಚೆ ವೆಚ್ಚ ಸೇರಿದ ಒಟ್ಟು ಮೊತ್ತಕ್ಕೆ ಎಂದು ಇಬೇ ಅಮೆರಿಕದಲ್ಲಿ ಜಾರಿ ಮಾಡಿತು. ಹಣವನ್ನು ಯಾವ ಸಾಲಿನಲ್ಲಿ ಬರೆದರೂ ಶುಲ್ಕ ಒಂದೇ ಆದ ಮೇಲೆ ಕಮಿಷನ್ ತಪ್ಪಿಸಲು ಅಂಚೆ ವೆಚ್ಚ ಉಬ್ಬಿಸುವುದಕ್ಕೆ ಅರ್ಥವೇ ಉಳಿಯಲಿಲ್ಲ. ಅಂಚೆ ಕಚೇರಿಗೆ ನಿಜವಾಗಿ ಕಟ್ಟಿದ ಹಣಕ್ಕೂ ಕಮಿಷನ್ ತೆರಬೇಕಾಯಿತೆಂದು ಪ್ರಾಮಾಣಿಕ ಮಾರಾಟಗಾರರು ನೊಂದುಕೊಂಡರು. ಅವರ ನೋವಿನಲ್ಲಿ ಹುರುಳಿತ್ತು. ವಂಚಕರಿಗಾಗಿ ಮಾಡಿದ ನಿಯಮದ ಭಾರ ಅವರ ಹೆಗಲಿಗೂ ಬಿತ್ತು.

ಅಮೆಜಾನಿನ ಹಳೆಯ ಪುಸ್ತಕಗಳ ಕಥೆ ಇದರ ಇನ್ನೊಂದು ಮುಖ. ಅಲ್ಲಿ ಹೊರಗಿನ ಮಾರಾಟಗಾರರ ಪುಸ್ತಕಗಳಿಗೆ ಅಂಚೆ ವೆಚ್ಚವನ್ನು ಕಂಪನಿಯೇ ಬಹುಕಾಲ 3.99 ಡಾಲರಿಗೆ ನಿಗದಿ ಮಾಡಿತ್ತು. ಪೈಪೋಟಿಯಲ್ಲಿ ಬೆಲೆ ಇಳಿದು ಇಳಿದು ಲಕ್ಷಾಂತರ ಪುಸ್ತಕಗಳು ಒಂದು ಸೆಂಟಿಗೆ ಬಂದು ನಿಂತವು. ಅಮೆರಿಕದ ಅಂಚೆಯಲ್ಲಿ ಪುಸ್ತಕಗಳಿಗೆ ಅಗ್ಗದ ದರವಿತ್ತು. ರಾಶಿಗಟ್ಟಲೆ ಮಾರುವ ದೊಡ್ಡ ಗೋದಾಮಿನವರು ಅಂಚೆ ವೆಚ್ಚದಲ್ಲಿ ಉಳಿದ ಚಿಲ್ಲರೆಯಿಂದಲೇ ಜೀವನ ನಡೆಸಿದರು. ಅಲ್ಲಿ ಯಾರಿಗೂ ಮೋಸವಾಗಲಿಲ್ಲ, ಏಕೆಂದರೆ ಅಂಚೆ ವೆಚ್ಚ ಎಲ್ಲರಿಗೂ ಒಂದೇ, ಮೊದಲೇ ಗೊತ್ತು.

ನಮ್ಮ ಅಂಗಳಕ್ಕೆ ಬಂದ ರೋಗ

ಇಬೇ ಭಾರತಕ್ಕೆ ಕಾಲಿಟ್ಟಿದ್ದು 2004ರಲ್ಲಿ, ಮುಂಬೈಯ ಬಾಜೀ ಡಾಟ್ ಕಾಮ್ ಕೊಂಡುಕೊಂಡು. 2017ರಲ್ಲಿ ಅದರ ಭಾರತೀಯ ವ್ಯವಹಾರ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೈಸೇರಿತು, 2018ರಲ್ಲಿ ಬಾಗಿಲು ಮುಚ್ಚಿತು. ಈಗ ನಮ್ಮ ನಾಣ್ಯ, ಅಂಚೆಚೀಟಿ ಸಂಗ್ರಾಹಕರು ಹೊರದೇಶದ ಹರಾಜಿನಿಂದ ತರಿಸುವಾಗ ಇನ್ನೊಂದು ಹೊಡೆತವಿದೆ. ನಮ್ಮ ಕಸ್ಟಮ್ಸ್ ಸರಕಿನ ಮೌಲ್ಯ ಕಟ್ಟುವುದು ಸಾಗಣೆ ಮತ್ತು ವಿಮೆಯ ಖರ್ಚನ್ನೂ ಸೇರಿಸಿ. ಉಬ್ಬಿಸಿದ ಅಂಚೆ ವೆಚ್ಚದ ಮೇಲೆ ಸುಂಕವೂ ಬೀಳುತ್ತದೆ.

ಹರಾಜು ಹೋದರೂ ಆ ಜಾಣತನ ಹೋಗಲಿಲ್ಲ. ಅಗ್ಗದ ಬೆಲೆ ತೋರಿಸಿ ಹಣ ಪಾವತಿಸುವ ಕೊನೆಯ ಪುಟದಲ್ಲಿ ಪ್ಲಾಟ್‌ಫಾರ್ಮ್ ಫೀ, ಹ್ಯಾಂಡ್ಲಿಂಗ್ ಚಾರ್ಜ್, ಪ್ಯಾಕಿಂಗ್ ಚಾರ್ಜ್ ಎಂದು ಒಂದೊಂದೇ ಸೇರಿಸುವುದು ಅದರದೇ ತಮ್ಮ. ಇದಕ್ಕೆ ನಮ್ಮಲ್ಲಿ ಕಾನೂನಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ರಕ್ಷಣೆಯ ಇ–ವಾಣಿಜ್ಯ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ಹೇಳಬೇಕು. ಅದರೊಳಗೆ ಡೆಲಿವರಿ, ಅಂಚೆ, ಹ್ಯಾಂಡ್ಲಿಂಗ್, ತೆರಿಗೆ ಎಷ್ಟೆಷ್ಟು ಎಂದು ಬಿಡಿಸಿಯೂ ತೋರಿಸಬೇಕು. 2023ರ ನವೆಂಬರ್ 30ರಂದು ಬಂದ ಮಾರ್ಗಸೂಚಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಗಳನ್ನು ಪಟ್ಟಿ ಮಾಡಿದ್ದು, ಬೆಲೆಯನ್ನು ತೊಟ್ಟು ತೊಟ್ಟಾಗಿ ಬಿಚ್ಚಿಡುವ ‘ಡ್ರಿಪ್ ಪ್ರೈಸಿಂಗ್’ ಅದರಲ್ಲೊಂದು. ಸರಕು ಮನೆಗೆ ಬಂದಾಗ ನಗದು ಕೊಡುವವರಿಂದ ಹೆಚ್ಚುವರಿ ಹಣ ವಸೂಲಿ ಮಾಡುವ ದೂರುಗಳನ್ನು ತನಿಖೆ ಮಾಡಲಾಗುತ್ತಿದೆ ಎಂದು ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರು 2025ರ ಅಕ್ಟೋಬರಿನಲ್ಲಿ ತಿಳಿಸಿದರು.

ಇಬೇಯ ಕಥೆ ಕಲಿಸುವ ಪಾಠ ಇದೇ. ಉಪದೇಶದಿಂದಾಗಲಿ ನಕ್ಷತ್ರದ ಅಂಕದಿಂದಾಗಲಿ ಈ ಚಾಳಿ ಪೂರ್ತಿ ನಿಲ್ಲಲಿಲ್ಲ. ಬೆಲೆಯನ್ನು ಎರಡು ಸಾಲಿಗೆ ಹಂಚುವುದರಿಂದ ಸಿಗುತ್ತಿದ್ದ ಲಾಭ ಕೈತಪ್ಪಿದಾಗ ಅದರ ಬೆನ್ನು ಮುರಿಯಿತು. ನಮ್ಮ ನಿಯಮದಲ್ಲೂ ಒಟ್ಟು ಮೊತ್ತ ಕೊನೆಯ ಪುಟದಲ್ಲಿ ಕಂಡರೆ ಸಾಲದು, ಹುಡುಕಾಟದ ಮೊದಲ ಪುಟದಲ್ಲೇ ಕಾಣುವಂತಾಗಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದವು ಕೆಲವಿವೆ. ವಸ್ತುವಿನ ಬೆಲೆ ನೋಡಿ ಮನಸೋಲಬೇಡಿ, ಎಲ್ಲ ಸೇರಿ ಎಷ್ಟು ಎಂದು ನೋಡಿ ಹೋಲಿಸಿ. ಅಂಚೆ ದರವನ್ನು ಒಮ್ಮೆ ಪರಿಶೀಲಿಸಿ. 2025ರ ಅಕ್ಟೋಬರ್ 1ರಿಂದ ಜಾರಿಯಾದ ದರದಂತೆ 50 ಗ್ರಾಂವರೆಗಿನ ಸ್ಪೀಡ್ ಪೋಸ್ಟ್‌ಗೆ ಊರೊಳಗೆ 19 ರೂಪಾಯಿ, ಬೇರೆ ಊರಿಗೆ 47 ರೂಪಾಯಿ, ತೆರಿಗೆ ಬೇರೆ. ನಾಲ್ಕು ಅಂಚೆಚೀಟಿ ಕಳಿಸಲು ಯಾರಾದರೂ 200 ರೂಪಾಯಿ ಕೇಳಿದರೆ ಲೆಕ್ಕ ಕೊಡಿ ಎಂದು ಕೊಳ್ಳುವ ಮೊದಲೇ ಕೇಳಿ. ಬಿಲ್ಲಿನಲ್ಲಿ ಹೇಳದ ಹಣ ಸೇರಿಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಹತ್ತಿಪ್ಪತ್ತು ರೂಪಾಯಿಗಾಗಿ ಯಾರು ದೂರುತ್ತಾರೆ ಎಂಬ ನಂಬಿಕೆಯ ಮೇಲೆಯೇ ಈ ವ್ಯಾಪಾರ ನಿಂತಿದೆ. ದಯವಿಟ್ಟು ದೂರಿ.